ಗಾಜಿನ ಹಲಗೆಯೂ ಎಳೆಯ ಕೈಯೂ

ಕಳೆದ ದಸರೆಯ ರಜೆಯಲ್ಲಿ ನಾವು ಬಂಧುಗಳೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಆ ಮನೆಯಲ್ಲಿ ನಾಲ್ಕೂವರೆ ವರ್ಷದ ಹುಡುಗನೊಬ್ಬನಿರುವನು. ತಾಯಿಯ ಮೊಬೈಲಿನಲ್ಲಿ ಅಕ್ಷರ ತಿದ್ದುವ ಆಟವೊಂದನ್ನು ಅವನು ಆಡುತ್ತಿದ್ದುದನ್ನು ನೋಡಿ ನಾವು ಬೆರಗಾದೆವು. ಪರದೆಯ ಮೇಲೆ 'ಅ' ಎಂಬ ದೊಡ್ಡ ಅಕ್ಷರ. ಅದರ ಒಡಲೊಳಗೆ ಚುಕ್ಕೆಗಳ ಸಾಲು. ಹುಡುಗನ ತೋರುಬೆರಳು ಆ ಚುಕ್ಕೆಗಳ ಬೆನ್ನುಹತ್ತಿ ಓಡಿ ಕೊನೆಮುಟ್ಟಿದೊಡನೆ ಗಂಟೆ ಬಾರಿಸಿತು, ನಕ್ಷತ್ರಗಳು ಸುರಿದವು, ಗಿಳಿಯೊಂದು ಕುಣಿಯಿತು. ಹತ್ತು ನಿಮಿಷಗಳೊಳಗಾಗಿ ಅವನು ಸ್ವರಗಳನ್ನೆಲ್ಲ ಮುಗಿಸಿ ನಮ್ಮ ಮುಖವನ್ನು ನೋಡಿದನು.

ಮೂಲೆಯಲ್ಲಿ ಕುಳಿತು ಇದನ್ನು ನೋಡುತ್ತಿದ್ದ ಅಜ್ಜನವರು ಎದ್ದುಹೋಗಿ ಒಂದು ಸ್ಲೇಟನ್ನೂ ಬಳಪವನ್ನೂ ತಂದುಕೊಟ್ಟರು. "ಎಲ್ಲಿ, ಇದರ ಮೇಲೆ ಒಂದು ಅ ಬರೆ, ನೋಡೋಣ" ಎಂದರು. ಹುಡುಗನು ಬಳಪವನ್ನು ಮುಷ್ಟಿಯಲ್ಲಿ ಹಿಡಿದನು. ಸ್ಲೇಟಿನ ನಡುವೆ ಅದನ್ನು ಊರಿದನು. ಕೈ ಮುಂದೆ ಸಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಜ್ಜನ ಕಡೆಗೆ ತಿರುಗಿ, "ಚುಕ್ಕೆ ಎಲ್ಲಿ?" ಎಂದು ಕೇಳಿದನು.

ಬಳಿಕ ಮನೆಯಲ್ಲಿ ಒಂದು ವಾದವೇ ನಡೆಯಿತು. ಆ ಯಂತ್ರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಕೆಂದು ಅಜ್ಜನವರು. ಪುಸ್ತಕವನ್ನೇ ಮುಟ್ಟದ ಹುಡುಗನು ಇದರಿಂದ ಅಕ್ಷರಗಳ ಗುರುತನ್ನಾದರೂ ಹಿಡಿಯುತ್ತಿರುವನಲ್ಲ ಎಂದು ತಾಯಿ. ಇವರು ವಾದಿಸುತ್ತಿರುವಾಗ ಹುಡುಗನು ಸ್ಲೇಟನ್ನು ಮಗುಚಿಟ್ಟು ಮಂಚದ ಕೆಳಗೆ ಅವಿತುಕೊಂಡನು. ಬರುವ ಜೂನ್ ತಿಂಗಳಿನಲ್ಲಿ ಅವನು ಶಾಲೆಗೆ ಸೇರತಕ್ಕವನು. 'ನನ್ನ ಕೈಗೆ ಬರೆಯಲು ಬಾರದು' ಎಂಬ ಅಂಜಿಕೆ ಶಾಲೆಯ ಬಾಗಿಲನ್ನು ಮೆಟ್ಟುವ ಮೊದಲೇ ಒಂದು ಮಗುವಿನ ಮನಸ್ಸಿನಲ್ಲಿ ಬೇರೂರಿದರೆ, ಅದನ್ನು ಕೀಳುವುದು ಅಕ್ಷರ ಕಲಿಸುವುದಕ್ಕಿಂತ ಕಷ್ಟ. ಆದುದರಿಂದ ಈ ವಾದವನ್ನು ನಗುತ್ತ ಮರೆಯಲು ನಮ್ಮಿಂದ ಆಗಲಿಲ್ಲ. ಊರಿಗೆ ಮರಳಿದ ಮೇಲೆ ಈ ವಿಷಯದಲ್ಲಿ ವಿಜ್ಞಾನಿಗಳು ಏನನ್ನು ಪರೀಕ್ಷಿಸಿ ನೋಡಿರುವರೆಂದು ಹುಡುಕತೊಡಗಿದೆವು. ನಮ್ಮ ವಾಚಕರು ಹೈಸ್ಕೂಲು, ಕಾಲೇಜುಗಳಲ್ಲಿ ಓದುತ್ತಿರುವವರು. ಇದು ಹಿರಿಯರ ಚಿಂತೆ ಎಂದು ಅವರಿಗೆ ತೋರಬಹುದು. ಆದರೆ ಅಳುವ ತಮ್ಮನ ಕೈಗೆ, ಹಟ ಹಿಡಿದ ತಂಗಿಯ ಕೈಗೆ ಮೊಬೈಲನ್ನು ಕೊಡುವವರು ಹೆಚ್ಚಾಗಿ ಅಣ್ಣ ಅಕ್ಕಂದಿರೇ ಅಲ್ಲವೆ?

ಕೈ ಬಲಿಯುವ ಬಗೆ

ಮನುಷ್ಯನ ಒಂದು ಕೈಯಲ್ಲಿ ೨೭ ಮೂಳೆಗಳುಂಟು. ಅವುಗಳಲ್ಲಿ ಎಂಟು ಮಣಿಕಟ್ಟಿಗೆ ಸೇರಿದವು. ಮಗು ಹುಟ್ಟುವಾಗ ಈ ಎಂಟೂ ಮೂಳೆಗಳಾಗಿರುವುದಿಲ್ಲ. ಮೆತ್ತನೆಯ ಮೃದ್ವಸ್ಥಿಯ ತುಣುಕುಗಳಾಗಿರುತ್ತವೆ. ಮೊದಲಿನ ಎರಡು ಕೆಲವು ತಿಂಗಳಲ್ಲಿಯೇ ಮೂಳೆಯಾಗತೊಡಗುತ್ತವೆ. ಉಳಿದವು ಒಂದೊಂದಾಗಿ, ಅವಸರವಿಲ್ಲದೆ, ವರ್ಷಗಳ ಅಂತರದಲ್ಲಿ ಗಟ್ಟಿಯಾಗುತ್ತ ಹೋಗುತ್ತವೆ. ಕಡಲೆಕಾಳಿನಂತಹ ಕೊನೆಯ ಮೂಳೆಯ ಸರದಿ ಬರುವುದು ಎಂಟರಿಂದ ಹನ್ನೆರಡರ ನಡುವಣ ವಯಸ್ಸಿನಲ್ಲಿ. ಬರೆಯುವ ಶಕ್ತಿ ಮೂಳೆಯಿಂದಲೇ ಬರುವುದೆಂದು ಇದರ ಅರ್ಥವಲ್ಲ. ಬೆರಳುಗಳನ್ನು ಆಳುವ ನರಗಳ ಮತ್ತು ಮಿದುಳಿನ ಶಿಕ್ಷಣವೇ ಇಲ್ಲಿ ಮುಖ್ಯ. ಆದರೆ ನಾಲ್ಕು ವರ್ಷದ ಮಗುವಿನ ಕೈಯನ್ನು ನಮ್ಮ ಕೈಯ ಚಿಕ್ಕ ಪ್ರತಿ ಎಂದು ಭಾವಿಸುವವರು ಈ ಮಣಿಕಟ್ಟನ್ನು ನೆನೆಯುವುದು ಒಳ್ಳೆಯದು.

ಹಿಡಿತವೂ ಹಾಗೆಯೇ ಹಂತಹಂತವಾಗಿ ಬರುತ್ತದೆ. ಒಂದೂವರೆ ವರ್ಷದ ಕೂಸು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಗೀಚುತ್ತದೆ. ಆಮೇಲೆ ಮೊಣಕೈಯಿಂದ, ಮತ್ತೆ ಮಣಿಕಟ್ಟಿನಿಂದ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನಡುವೆ ಪೆನ್ಸಿಲು ಕುಣಿಯುವುದು ಅನೇಕರಲ್ಲಿ ಐದಾರು ವರ್ಷದ ಹೊತ್ತಿಗೆ. ಆಕಾರಗಳಲ್ಲಿಯೂ ಒಂದು ಕ್ರಮವುಂಟು. ನಿಂತ ಗೆರೆ, ಮಲಗಿದ ಗೆರೆಗಳು ಮೊದಲು, ಸುಮಾರು ಮೂರನೆಯ ವರ್ಷಕ್ಕೆ ವೃತ್ತ, ನಾಲ್ಕಕ್ಕೆ ಕೂಡುಗುರುತು, ಅದರ ಹಿಂದೆ ಚೌಕ, ಐದಕ್ಕೆ ತ್ರಿಕೋನ. ಇಸ್ಪೀಟಿನ ಡೈಮಂಡ್ ಆಕಾರವನ್ನು ನೋಡಿ ಬರೆಯಲು ಏಳು ವರ್ಷವಾದರೂ ಬೇಕಾಗುತ್ತದೆ. ಕಣ್ಣಿಗೆ ಚೌಕಕ್ಕೂ ಡೈಮಂಡಿಗೂ ದೊಡ್ಡ ವ್ಯತ್ಯಾಸವಿಲ್ಲ. ಕೈಗೆ ಎರಡು ಮೂರು ವರ್ಷಗಳ ವ್ಯತ್ಯಾಸ!

ನಮ್ಮ ಕನ್ನಡದ ಲಿಪಿ ದುಂಡು ಲಿಪಿ. ಆದರೆ ದುಂಡಾದ ಮಾತ್ರಕ್ಕೆ ಸುಲಭವೆನ್ನುವಂತಿಲ್ಲ. ಒಂದೇ ಓಟದಲ್ಲಿ ಕೈ ಎಡಕ್ಕೆ ಸುತ್ತಿ, ನಡುವೆ ತಡೆದು, ಬಲಕ್ಕೆ ತಿರುಗಿ, ಮತ್ತೆ ಮೇಲಕ್ಕೆ ಏರಬೇಕು. ಅಕಾರಾದಿ ಕ್ರಮವನ್ನು ಬಿಟ್ಟು 'ರ ಗ ಸ ದ ಅ' ಎಂದು ಆರಂಭಿಸುವ ಪಾಠಕ್ರಮವನ್ನು ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ತಂದವರು, ಕಿವಿಯ ಕ್ರಮಕ್ಕಿಂತ ಕೈಯ ಕ್ರಮಕ್ಕೆ ಮನ್ನಣೆ ಕೊಟ್ಟಂತಾಯಿತು. ಅದರ ಮೇಲೆ ಗುಣಿತಾಕ್ಷರಗಳು, ಒತ್ತಕ್ಷರಗಳು. ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದ ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಮಕ್ಕಳ ಅಕ್ಷರಜ್ಞಾನವು ನಾಲ್ಕನೆಯ ತರಗತಿಯ ತನಕವೂ ಬೆಳೆಯುತ್ತಲೇ ಇರುವುದೆಂದು ತೋರಿಸಿರುವರು. ಇಷ್ಟು ದೀರ್ಘವಾದ ಪಯಣದಲ್ಲಿ ಮೊದಲ ದಿನವೇ ಮಗುವನ್ನು ಬೆದರಿಸುವುದು ಎಂಥ ಅವಿವೇಕ!

ರೋಮ್ ನಗರದ ಒರಟು ಅಕ್ಷರಗಳು

ಬರವಣಿಗೆಗೆ ಮಗುವನ್ನು ಆಟದ ಮೂಲಕ ಸಿದ್ಧಪಡಿಸುವ ಯೋಚನೆ ಮೊಬೈಲಿನೊಡನೆ ಹುಟ್ಟಿದುದಲ್ಲ. ೧೯೦೭ನೆಯ ಇಸವಿ ಜನವರಿ ೬ರಂದು ವೈದ್ಯೆಯಾದ ಮರಿಯಾ ಮಾಂಟೆಸೊರಿಯವರು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 'ಮಕ್ಕಳ ಮನೆ'ಯನ್ನು ತೆರೆದರು. ಅಲ್ಲಿ ಮಕ್ಕಳಿಗೆ ಬರೆಯುವುದನ್ನು ನೇರವಾಗಿ ಕಲಿಸುತ್ತಿರಲಿಲ್ಲ. ಮರಳುಕಾಗದದಿಂದ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರಗಳನ್ನು ಎರಡು ಬೆರಳುಗಳಿಂದ ಸವರುತ್ತ ಅವುಗಳ ಧ್ವನಿಯನ್ನು ಹೇಳುವುದು ಒಂದು ಆಟ. ಲೋಹದ ಚೌಕಟ್ಟುಗಳ ಒಳಗೆ ಬಣ್ಣದ ಪೆನ್ಸಿಲಿನಿಂದ ಗೆರೆ ತುಂಬುವುದು ಇನ್ನೊಂದು. ಮೊದಲನೆಯದು ಅಕ್ಷರದ ದಾರಿಯನ್ನು ಬೆರಳಿಗೆ ತಿಳಿಸುತ್ತಿತ್ತು. ಎರಡನೆಯದು ಪೆನ್ಸಿಲಿನ ಹಿಡಿತವನ್ನು ಕಲಿಸುತ್ತಿತ್ತು. ಎರಡನ್ನೂ ಕೂಡಿಸುವ ಕೆಲಸ ಮಗುವಿನದು.

ಒಂದು ದಿನ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಮಕ್ಕಳು ಆಡುತ್ತಿದ್ದಾಗ ಮಾಂಟೆಸೊರಿಯವರು ಐದು ವರ್ಷದ ಹುಡುಗನ ಕೈಗೆ ಸೀಮೆಸುಣ್ಣವನ್ನು ಕೊಟ್ಟು ಹೊಗೆಗೂಡಿನ ಚಿತ್ರವನ್ನು ಬರೆಯಲು ಹೇಳಿದರಂತೆ. ಅವನು ಚಿತ್ರವನ್ನು ಬರೆದು, ಒಂದು ಕ್ಷಣ ತಡೆದು, ತನಗೆ ಬರೆಯಲು ಬರುತ್ತದೆಂದು ಕೂಗಿ, ನೆಲದ ಮೇಲೆ 'ಮಾನೊ' ಎಂದು ಬರೆದನು. ಆ ಹಿಂದೆಯೇ 'ಕಮೀನೊ', 'ತೆತ್ತೊ'. ಹೊಗೆಗೂಡು, ಮಾಳಿಗೆ ಎಂದು ಕೊನೆಯ ಎರಡು ಪದಗಳಿಗೆ ಅರ್ಥ. ಮೊದಲ ಪದದ ಅರ್ಥ 'ಕೈ'. ಅವನಿಗೆ ಅದುವರೆಗೆ ಯಾರೂ ಪದಗಳನ್ನು ಬರೆಯಿಸಿರಲಿಲ್ಲ.

ಇಲ್ಲಿ ಒರಟು ಕಾಗದವು ಮಾಡಿದ ಕೆಲಸವನ್ನು ಗಮನಿಸಬೇಕು. ಬೆರಳು ದಾರಿ ತಪ್ಪಿದೊಡನೆ ಒರಟು ಹೋಗಿ ನುಣುಪು ಸಿಕ್ಕುತ್ತದೆ. ತಪ್ಪನ್ನು ತಿಳಿಸಲು ಗುರುವಿನ ಅಗತ್ಯವಿಲ್ಲ. ಫ್ರಾನ್ಸಿನಲ್ಲಿ ಫ್ಲಾರೆನ್ಸ್ ಬಾರಾ, ಎಡ್ವರ್ಡ್ ಜಾಂತಾಜ್ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಕ್ಷರವನ್ನು ಕಣ್ಣಿನಿಂದ ಮಾತ್ರ ನೋಡಿ ಕಲಿತ ಶಿಶುವಿಹಾರದ ಮಕ್ಕಳಿಗಿಂತ, ಉಬ್ಬಕ್ಷರವನ್ನು ಬೆರಳಿನಿಂದಲೂ ಸವರಿ ಕಲಿತ ಮಕ್ಕಳು ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಚೆನ್ನಾಗಿ ಗ್ರಹಿಸಿದರು. ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ ಮಗುವಿನ ಬೆರಳನ್ನು ಹಿಡಿದು ಅಕ್ಷರಾಭ್ಯಾಸ ಮಾಡಿಸಿದ ನಮ್ಮ ಹಿರಿಯರು ಪ್ರಯೋಗಶಾಲೆಯನ್ನು ನೋಡಿದವರಲ್ಲ. ಆದರೂ ಅಕ್ಕಿಯ ಕಾಳು ಬೆರಳಿಗೆ ಪ್ರತಿಯಾಗಿ ಏನನ್ನೋ ಹೇಳುತ್ತದೆಂಬುದು ನಿಜ.

ಗಾಜಿನ ಗುಣ

ಇನ್ನು ಗಾಜಿನ ಹಲಗೆಯ ವಿಚಾರ. ಮೊಬೈಲು, ಟ್ಯಾಬ್ಲೆಟ್‌ಗಳ ಗಾಜಿನಡಿಯಲ್ಲಿ ಕಣ್ಣಿಗೆ ಕಾಣದಷ್ಟು ಪಾರದರ್ಶಕವಾದ ವಿದ್ಯುದ್ವಾಹಕ ಗೆರೆಗಳ ಬಲೆಯುಂಟು. ನಮ್ಮ ಬೆರಳು ವಿದ್ಯುತ್ತನ್ನು ಹರಿಯಿಸಬಲ್ಲ ವಸ್ತು. ಅದು ಸಮೀಪಿಸಿದೊಡನೆ ಆ ಸ್ಥಳದಲ್ಲಿ ಬಲೆಯ ವಿದ್ಯುದ್ಧಾರಣ ಸಾಮರ್ಥ್ಯ ಬದಲಾಗುತ್ತದೆ. ಯಂತ್ರವು ಆ ಬದಲಾವಣೆಯನ್ನು ಅಳೆದು, ಬೆರಳು ಇಂತಹ ಕಡೆ ಇರುವುದೆಂದು ತಿಳಿಯುತ್ತದೆ. ಇದಕ್ಕೆ ಒತ್ತುವಿಕೆ ಬೇಕಿಲ್ಲ. ವಾಚಕರು ಒಂದು ತೆಳು ಕಾಗದವನ್ನು ಮೊಬೈಲಿನ ಮೇಲೆ ಹಾಸಿ ಬೆರಳಾಡಿಸಿ ನೋಡಬಹುದು. ಕಾಗದ ನಡುವೆ ಇದ್ದರೂ ಯಂತ್ರಕ್ಕೆ ಬೆರಳಿನ ಸುಳಿವು ಸಿಗುತ್ತದೆ.

ಇಂಜಿನಿಯರರಿಗೆ ಇದು ದೊಡ್ಡ ಅನುಕೂಲ. ಎಳೆಯ ಕೈಗೆ ಹಾಗಲ್ಲ. ಬಳಪವನ್ನು ಹೆಚ್ಚು ಒತ್ತಿದರೆ ಮುರಿಯುತ್ತದೆ, ಓರೆ ಹಿಡಿದರೆ ಕಿರುಗುಟ್ಟುತ್ತದೆ, ಹಗುರವಾಗಿ ಹಿಡಿದರೆ ಗೆರೆ ಮೂಡುವುದಿಲ್ಲ. ಸ್ಲೇಟು ಕೈಗೆ ಕ್ಷಣಕ್ಷಣಕ್ಕೂ ವರ್ತಮಾನ ಕೊಡುತ್ತಿರುತ್ತದೆ. ಸಾಮಾನ್ಯ ಟ್ಯಾಬ್ಲೆಟಿನ ಗಾಜಿನ ಮೇಲಾದರೋ ಗೆರೆ ಎಲ್ಲಕ್ಕೂ ಒಂದೇ, ಮೇಲ್ಮೈಯೂ ನುಣುಪು. ೨೦೧೫ರಲ್ಲಿ ಅಲಮಾರ್ಗೊ ಮತ್ತು ಮೊರಿನ್ ಎಂಬ ಸಂಶೋಧಕರು ಎರಡನೆಯ ತರಗತಿಯ ಮತ್ತು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಂದ ಕಾಗದದ ಮೇಲೂ ಟ್ಯಾಬ್ಲೆಟಿನ ಮೇಲೂ ಬರೆಯಿಸಿ ನೋಡಿದರು. ಜಾರುವ ಗಾಜಿನ ಮೇಲೆ ದೊಡ್ಡವರು ಹೆಚ್ಚು ಒತ್ತಿ, ಹೆಚ್ಚು ವೇಗವಾಗಿ ಬರೆದು ಸುಧಾರಿಸಿಕೊಂಡರು. ಚಿಕ್ಕವರು ಹಾಗೆ ಮಾಡಲಾರದೆ ನಡುನಡುವೆ ನಿಂತು ನಿಂತು ಬರೆದರು. ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆಯಬಲ್ಲವನು ಹೇಗೋ ಸಾಗುವನು. ನಡೆಯಲು ಕಲಿಯುತ್ತಿರುವ ಕೂಸು ಏನು ಮಾಡೀತು?

ಜರ್ಮನಿಯ ಉಲ್ಮ್ ನಗರದಲ್ಲಿ ಮಾರ್ಕುಸ್ ಕೀಫರ್ ಅವರ ತಂಡವು ನಡೆಸಿ ೨೦೨೦ರಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ವಿಸ್ತಾರವಾದುದು. ನಾಲ್ಕರಿಂದ ಆರು ವರ್ಷದ ೧೪೭ ಮಕ್ಕಳಿಗೆ ಏಳು ವಾರಗಳ ಕಾಲ ಅಕ್ಷರಪಾಠ ನಡೆಯಿತು. ಕೆಲವರಿಗೆ ಕಾಗದ ಮತ್ತು ಪೆನ್ಸಿಲು, ಕೆಲವರಿಗೆ ಕೀಲಿಮಣೆ, ಕೆಲವರಿಗೆ ಟ್ಯಾಬ್ಲೆಟ್ ಮತ್ತು ಅದರ ಕಡ್ಡಿ. ಅಕ್ಷರಗಳ ಗುರುತಿನಲ್ಲಿಯೂ ಆಕಾರಗಳ ಪರಿಜ್ಞಾನದಲ್ಲಿಯೂ ಪೆನ್ಸಿಲಿನವರು ಕೀಲಿಮಣೆಯವರಿಗಿಂತ ಮುಂದಾದರು. ಪದಗಳನ್ನು ಓದುವುದರಲ್ಲಿಯೂ ಬರೆಯುವುದರಲ್ಲಿಯೂ ಕೀಲಿಮಣೆಯವರು ಟ್ಯಾಬ್ಲೆಟಿನ ಕಡ್ಡಿ ಹಿಡಿದವರನ್ನು ಹಿಂದೆ ಹಾಕಿದರು. ಒಟ್ಟಿನಲ್ಲಿ ಕಡ್ಡಿಯೇ ಕಡೆಯದಾಯಿತು. ನುಣುಪು ಗಾಜಿನ ಮೇಲೆ ಕಡ್ಡಿಯನ್ನು ಹಿಡಿತದಲ್ಲಿಡುವುದಕ್ಕೇ ಮಗುವಿನ ಗಮನವೆಲ್ಲ ವ್ಯಯವಾಗಿರಬಹುದೆಂದು ಸಂಶೋಧಕರ ಊಹೆ.

ಇಷ್ಟಕ್ಕೇ ಅಜ್ಜನವರ ಪಕ್ಷ ಗೆದ್ದಿತೆನ್ನಬಾರದು. ಅಮೆರಿಕದಲ್ಲಿ ಪ್ಯಾಚನ್ ಮತ್ತು ಪುರಾಣಿಕ್ ಎಂಬ ಇಬ್ಬರು ಸಂಶೋಧಕರು ೨೦೧೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಟ್ಯಾಬ್ಲೆಟಿನ ಮೇಲೆ ಕಡ್ಡಿಯಿಂದ ಬರೆದು ಕಲಿತ ಶಿಶುಗಳಿಗಿಂತ ಬರಿಯ ಬೆರಳಿನಿಂದ ಬರೆದು ಕಲಿತವರು ಹೆಚ್ಚು ಅಕ್ಷರಗಳನ್ನು ಸರಿಯಾಗಿ ಬರೆದರು. ಬೆರಳ ತುದಿಗೆ ತನ್ನದೇ ಸ್ಪರ್ಶಜ್ಞಾನವುಂಟು, ಕಡ್ಡಿಗೆ ಅದಿಲ್ಲ. ಮಾಂಟೆಸೊರಿಯವರ ಎರಡು ಬೆರಳುಗಳು ನಮಗೆ ಇಲ್ಲಿ ಮತ್ತೆ ನೆನಪಾದವು. ಗಾಜಿನ ಹಲಗೆಯನ್ನು ಉಪಯೋಗಿಸುವುದಾದರೆ ಅದನ್ನು ಕಾಗದದ ನಕಲಿನಂತೆ ಬಳಸದೆ ಅಕ್ಕಿಯ ತಟ್ಟೆಯಂತೆ ಬಳಸಬೇಕೆಂದು ನಮಗೆ ತೋರುತ್ತದೆ. ಪೆನ್ಸಿಲಿನ ಹಿಡಿತವನ್ನು ಪೆನ್ಸಿಲಿಗೇ ಬಿಡಬೇಕು.

ಸೊಟ್ಟಕ್ಷರದ ಮಹಿಮೆ

"ಚುಕ್ಕೆ ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರ ಇನ್ನೂ ದೊರೆಯಲಿಲ್ಲ. ಆ ಹುಡುಗನು ಬೆರಳಿನಿಂದಲೇ ತಿದ್ದಿದವನು, ಅದೂ ನೂರಾರು ಸಲ. ಆದರೂ ಸ್ಲೇಟಿನ ಮೇಲೆ ಏಕೆ ಏನೂ ಮೂಡಲಿಲ್ಲ?

೨೦೧೨ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಕಾರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ ಅವರು ಓದುಬರಹ ಬಾರದ, ಐದು ವರ್ಷದ ಹದಿನೈದು ಮಕ್ಕಳನ್ನು ಆರಿಸಿಕೊಂಡರು. ಪ್ರತಿಯೊಂದು ಮಗುವೂ ಕೆಲವು ಅಕ್ಷರಗಳನ್ನು ನೋಡಿ ತಾನಾಗಿಯೇ ಬರೆಯಿತು. ಕೆಲವನ್ನು ಚುಕ್ಕೆಗಳ ಮೇಲೆ ತಿದ್ದಿತು. ಕೆಲವನ್ನು ಕೀಲಿಮಣೆಯಲ್ಲಿ ಒತ್ತಿತು. ಬಳಿಕ ಮಕ್ಕಳನ್ನು ಕಾಂತಕ್ಷೇತ್ರದಿಂದ ಮಿದುಳಿನ ಕಾರ್ಯವನ್ನು ಚಿತ್ರಿಸುವ ಯಂತ್ರದೊಳಗೆ ಮಲಗಿಸಿ, ಅದೇ ಅಕ್ಷರಗಳನ್ನು ಸುಮ್ಮನೆ ತೋರಿಸಿದರು. ದೊಡ್ಡವರು ಓದುವಾಗ ಮಿದುಳಿನ ಯಾವ ಭಾಗಗಳು ಚುರುಕಾಗುವುವೋ ಆ ಭಾಗಗಳು, ತಾನಾಗಿ ಬರೆದ ಅಕ್ಷರವನ್ನು ನೋಡಿದಾಗ ಮಕ್ಕಳಲ್ಲಿಯೂ ಎಚ್ಚೆತ್ತವು. ಒತ್ತಿದ ಅಕ್ಷರಕ್ಕೂ ತಿದ್ದಿದ ಅಕ್ಷರಕ್ಕೂ ಹಾಗೆ ಎಚ್ಚೆತ್ತುಕೊಳ್ಳಲಿಲ್ಲ. ಹದಿನೈದು ಮಕ್ಕಳೆಂದರೆ ಸಣ್ಣ ಸಂಖ್ಯೆ, ನಿಜ. ಐದು ವರ್ಷದ ಮಗುವನ್ನು ಗದ್ದಲ ಮಾಡುವ ಕೊಳವೆಯೊಳಗೆ ಅಲ್ಲಾಡದಂತೆ ಮಲಗಿಸುವುದೆಷ್ಟು ಕಷ್ಟವೆಂದು ಬಲ್ಲವರು ಆ ಸಂಖ್ಯೆಯನ್ನು ಹಳಿಯಲಾರರು.

ತಿದ್ದುವುದಕ್ಕೂ ಬರೆಯುವುದಕ್ಕೂ ಕೈಯ ಚಲನೆ ಹೆಚ್ಚು ಕಡಿಮೆ ಒಂದೇ. ಹಾಗಿದ್ದರೆ ವ್ಯತ್ಯಾಸವೆಲ್ಲಿಯದು? ಇದಕ್ಕೆ ಜೇಮ್ಸ್ ಅವರೂ ಲೀ ಎಂಬ ಅವರ ಸಹೋದ್ಯೋಗಿಯೂ ೨೦೧೬ರಲ್ಲಿ ಒಂದು ಸೊಗಸಾದ ಉತ್ತರವನ್ನು ಕೊಟ್ಟರು. ಐದು ವರ್ಷದ ೭೨ ಮಕ್ಕಳಿಗೆ ಅವರು ಗ್ರೀಕ್ ಅಕ್ಷರಗಳನ್ನು ಕಲಿಸಿದರು. ತಾವೇ ನೋಡಿ ಬರೆದ ಮಕ್ಕಳು ಚೆನ್ನಾಗಿ ಕಲಿತರು. ಬರೆಯದೆ, ಬಗೆಬಗೆಯ ಮುದ್ರಣಗಳಲ್ಲಿಯೋ ಬೇರೆಯವರ ಕೈಬರಹದಲ್ಲಿಯೋ ಒಂದೇ ಅಕ್ಷರದ ನಾನಾ ರೂಪಗಳನ್ನು ನೋಡಿದ ಮಕ್ಕಳೂ ಚೆನ್ನಾಗಿ ಕಲಿತರು. ಸದಾ ಒಂದೇ ಅಚ್ಚಿನ ರೂಪವನ್ನು ನೋಡಿದವರೂ, ಅದನ್ನೇ ತಿದ್ದಿದವರೂ ಹಿಂದೆ ಬಿದ್ದರು. ಎಂದರೆ, ಮಗು ಬರೆಯುವ ಅಕ್ಷರ ಒಂದು ಸಲ ಉದ್ದ, ಒಂದು ಸಲ ಗಿಡ್ಡ, ಒಂದು ಸಲ ಮಗುಚಿದ್ದು. ಹೀಗೆ ಸೊಟ್ಟಸೊಟ್ಟಾಗಿರುವುದರಿಂದಲೇ, 'ಇವೆಲ್ಲವೂ ಒಂದೇ ಅಕ್ಷರ' ಎಂಬ ಅರಿವು ಅದರ ಮನಸ್ಸಿನಲ್ಲಿ ಮೂಡುತ್ತದೆ. ಅಕ್ಷರದ ತಿರುಳು ಯಾವುದು, ಅದರ ತೊಡವು ಯಾವುದು ಎಂದು ಬೇರ್ಪಡಿಸಲು ಮನಸ್ಸಿಗೆ ಅನೇಕ ಮಾದರಿಗಳು ಬೇಕು. ಮಗುವಿನ ಅಂಕೆಯಿಲ್ಲದ ಕೈ ಆ ಮಾದರಿಗಳನ್ನು ಪುಕ್ಕಟೆಯಾಗಿ ಒದಗಿಸುತ್ತದೆ.

ಚುಕ್ಕೆಗಳ ಆಟವಾದರೋ ಈ ಸೊಟ್ಟನ್ನೇ ಅಳಿಸಿಹಾಕುತ್ತದೆ. ಬೆರಳು ಎಲ್ಲಿ ಹೊರಳಿದರೂ ಯಂತ್ರವು ಗೆರೆಯನ್ನು ಚುಕ್ಕೆಗಳಿಗೇ ಎಳೆದು ಕೂಡಿಸಿ, ತಿದ್ದಿದ ಅಚ್ಚನ್ನು ತೋರಿಸಿ, ನಕ್ಷತ್ರ ಸುರಿಸುತ್ತದೆ. ನಮ್ಮ ಹುಡುಗನು ಕಲಿತದ್ದು 'ಅ' ಬರೆಯುವುದನ್ನಲ್ಲ, ಚುಕ್ಕೆಗಳನ್ನು ಹಿಂಬಾಲಿಸುವುದನ್ನು. ಅದನ್ನು ಅವನು ಚೆನ್ನಾಗಿಯೇ ಕಲಿತಿದ್ದನು, ಕೇಳಿದ್ದೂ ಅದನ್ನೇ. ಮಾರುಕಟ್ಟೆಯಲ್ಲಿ ದೊರೆಯುವ ಇಂತಹ ಆಟಗಳನ್ನು ನೋಡುವಾಗ, ಚುಕ್ಕೆಗಳು ಕ್ರಮೇಣ ಮರೆಯಾಗುವುವೇ, ಮಗು ಬರೆದ ಗೆರೆ ಬರೆದಂತೆಯೇ ಉಳಿಯುವುದೇ ಎಂಬ ಎರಡು ಸಂಗತಿಗಳನ್ನು ನಾವು ಈಗ ಮೊದಲು ಪರೀಕ್ಷಿಸುತ್ತೇವೆ. ಗಿಳಿ ಕುಣಿಯುವುದೋ ನವಿಲು ಕುಣಿಯುವುದೋ ಎಂಬುದು ಆಮೇಲಿನ ಮಾತು.

ಅಕ್ಷರಗಳಿಲ್ಲದ ಆಟಗಳ ವಿಷಯದಲ್ಲಿ ಒಂದು ಮಾತು. ಇಂಗ್ಲೆಂಡಿನಲ್ಲಿ ೭೧೫ ಪುಟ್ಟ ಮಕ್ಕಳ ವಿಷಯವಾಗಿ ಸಂಗ್ರಹಿಸಿ ೨೦೧೬ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪರದೆಯನ್ನು ಬೆರಳಿನಿಂದ ಸರಿಸಲು ಬೇಗ ಕಲಿತ ಮಕ್ಕಳು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಲೂ ಬೇಗ ಕಲಿತಿದ್ದುದು ಕಂಡುಬಂದಿತು. ಇದನ್ನು ಓದಿದ ತಾಯಿತಂದೆಗಳು ಹಿಗ್ಗಬಹುದು. ವಿಜ್ಞಾನದ ವಿದ್ಯಾರ್ಥಿಗಳು ಮಾತ್ರ ತಡೆದು ಕೇಳಬೇಕು: ಪರದೆ ಬೆರಳನ್ನು ಚುರುಕು ಮಾಡಿತೇ, ಅಥವಾ ಬೆರಳು ಚುರುಕಾಗಿದ್ದ ಮಗುವೇ ಪರದೆಯನ್ನೂ ಬೇಗ ಕೈವಶ ಮಾಡಿಕೊಂಡಿತೇ? ಇಂತಹ ಅಧ್ಯಯನದಿಂದ ಅದನ್ನು ಹೇಳಲಾಗುವುದಿಲ್ಲ. ಅದನ್ನು ಬರೆದವರೂ ಹಾಗೆ ಹೇಳಿಲ್ಲ. ಮರುವರ್ಷ ತೈವಾನ್ ದೇಶದಿಂದ ಬಂದ ವರದಿಯಲ್ಲಿ ೮೦ ಮಕ್ಕಳಲ್ಲಿ ಅರ್ಧದಷ್ಟು ಮಂದಿ ೨೪ ವಾರ ಟ್ಯಾಬ್ಲೆಟಿನ ಆಟಗಳನ್ನೂ, ಉಳಿದವರು ಕೈಯಿಂದ ಮಾಡುವ ಆಟಗಳನ್ನೂ ಆಡಿದರು. ಬೆರಳುಗಳ ಸೂಕ್ಷ್ಮ ಕೌಶಲದಲ್ಲಿ ಎರಡನೆಯ ಗುಂಪಿನವರೇ ಹೆಚ್ಚು ಮುಂದುವರಿದರು. ಕತ್ತರಿ, ಮಣಿ, ಮಣ್ಣುಮುದ್ದೆ, ಹೂ ಕಟ್ಟುವ ದಾರ, ಇವುಗಳ ಸ್ಥಾನವನ್ನು ಗಾಜು ತುಂಬಲಾರದು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕುಳಿತಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಸೂಚಿಸಿದೆ. ಒಂದು ಗಂಟೆಗಿಂತ ಕಡಿಮೆಯಾದಷ್ಟೂ ಒಳ್ಳೆಯದೆಂದೂ ಹೇಳಿದೆ.

ಮಂಕು ಶಿಷ್ಯನಾದ ಯಂತ್ರ

ಹಾಗಾದರೆ ಡಿಜಿಟಲ್ ಆಟದಿಂದ ಮಾತ್ರ ಆಗಬಹುದಾದ ಒಳಿತು ಯಾವುದೂ ಇಲ್ಲವೆ? ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಪೀಠದಲ್ಲಿ ನಡೆದ ಒಂದು ಪ್ರಯತ್ನ ನಮ್ಮ ಮನಸ್ಸನ್ನು ಬಹಳವಾಗಿ ಸೆಳೆಯಿತು. ಅದನ್ನು ನಡೆಸಿದವರು ಪಿಯರ್ ಡಿಲೆನ್‌ಬೂರ್ಗ್ ಅವರ ಪ್ರಯೋಗಶಾಲೆಯ ಡಿಯಾನಾ ಹುಡ್, ಸೆವೆರಿನ್ ಲೆಮೆನ್ಯಾನ್, ಅಲೆಕ್ಸಿ ಜಾಕ್ ಮೊದಲಾದವರು. ಮೊದಲ ವರದಿ ೨೦೧೫ರಲ್ಲಿ ಹೊರಬಂದಿತು.

ಅಲ್ಲಿ ಮಗುವಿನ ಎದುರು ಸುಮಾರು ೫೮ ಸೆಂಟಿಮೀಟರು ಎತ್ತರದ, 'ನಾವೊ' ಎಂಬ ಹೆಸರಿನ ರೋಬೋಟು, ಎಂದರೆ ಯಂತ್ರಮಾನವ, ನಿಂತಿರುತ್ತದೆ. ನಡುವೆ ಒಂದು ಟ್ಯಾಬ್ಲೆಟ್. ಮಗು ಒಂದು ಪದವನ್ನು ಬರೆಯೆಂದು ಅದಕ್ಕೆ ಹೇಳುತ್ತದೆ. ಯಂತ್ರವು ಗಾಳಿಯಲ್ಲಿ ಕೈಯಾಡಿಸುತ್ತದೆ. ಟ್ಯಾಬ್ಲೆಟಿನ ಮೇಲೆ ಅಕ್ಷರಗಳು ಮೂಡುತ್ತವೆ. ಆದರೆ ಎಂತಹ ಅಕ್ಷರಗಳು! ಡೊಂಕು, ಓರೆ, ಗುರುತು ಸಿಕ್ಕದಷ್ಟು ಕೆಟ್ಟವು. ಅವನ್ನು ಬೇಕೆಂದೇ ಕೆಡಿಸಿಟ್ಟಿರುವರು. ಮಗು ಆ ಅಕ್ಷರದ ಬದಿಗೆ ತಾನು ಬರೆದು, 'ಹೀಗೆ ಬರೆಯಬೇಕು' ಎಂದು ತೋರಿಸಬೇಕು. ಯಂತ್ರವು ತನ್ನ ಅಕ್ಷರಕ್ಕೂ ಮಗುವಿನ ಅಕ್ಷರಕ್ಕೂ ನಡುವಣ ರೂಪವನ್ನು ಲೆಕ್ಕ ಹಾಕಿ ಮುಂದಿನ ಸಲ ಹಾಗೆ ಬರೆಯುತ್ತದೆ. ಎರಡು ಮೂರು ಸಲದಲ್ಲಿ ಅದರ ಬರಹ ಸುಧಾರಿಸುತ್ತ ಬರುತ್ತದೆ.

ಇದರ ಜಾಣತನವಿರುವುದು ಯಂತ್ರದಲ್ಲಲ್ಲ, ಪಾತ್ರಗಳ ಅದಲುಬದಲಿನಲ್ಲಿ. ತರಗತಿಯಲ್ಲಿ ಕೆಟ್ಟ ಅಕ್ಷರದ ಮಗು ಯಾವಾಗಲೂ ಕೊನೆಯವನು. ಅವನ ಪುಸ್ತಕದ ಮೇಲೆ ಕೆಂಪು ಮಸಿ ಬೀಳದ ದಿನವಿಲ್ಲ. ಇಲ್ಲಿ ಅವನಿಗಿಂತ ಕೆಟ್ಟದಾಗಿ ಬರೆಯುವ ಒಬ್ಬ ಶಿಷ್ಯನು ದೊರೆತನು! ಐದು ವರ್ಷದ, ನಾಚಿಕೆಯ ಸ್ವಭಾವದ, ಬರೆಯುವುದರಲ್ಲಿ ಹಿಂದೆ ಬಿದ್ದಿದ್ದ ಹುಡುಗನೊಬ್ಬನಿಗೆ ಅವರು ಒಂದು ಕಥೆಯನ್ನು ಹೇಳಿದರು. ಈ ಯಂತ್ರದ ಗೆಳೆಯನಾದ ಇನ್ನೊಂದು ಯಂತ್ರವು ವಿಜ್ಞಾನದ ಕೆಲಸದ ಮೇಲೆ ದೂರ ಹೋಗಿದೆ; ಅದಕ್ಕೆ ಮನುಷ್ಯರಂತೆ ಕೈಯಿಂದ ಬರೆದ ಓಲೆಯನ್ನು ಕಳುಹಬೇಕು; ಇದಕ್ಕಾದರೋ ಬರೆಯಲು ಬಾರದು. ಆ ಹುಡುಗನು ಕೆಲವು ವಾರಗಳ ಭೇಟಿಗಳಲ್ಲಿ ಬೇಸರಿಸದೆ ನೂರಕ್ಕೂ ಮೇಲ್ಪಟ್ಟು ಸಲ ಅಕ್ಷರಗಳನ್ನು ಬರೆದು ತೋರಿಸಿದನು. ಯಾವ ಕಾಪಿಪುಸ್ತಕವೂ ಅವನಿಂದ 'ಬೇಸರಿಸದೆ' ಎಂಬ ಆ ಒಂದು ಪದವನ್ನು ಸಂಪಾದಿಸಲಾರದು.

ವಾಚಕರು ಒಂದು ಸಾಮ್ಯವನ್ನು ಕಂಡಿರಬಹುದು. ಇಂಡಿಯಾನಾದ ಪ್ರಯೋಗದಲ್ಲಿ ಕಲಿಸಿದ್ದು ಸೊಟ್ಟಕ್ಷರ. ಲೊಸಾನಿನಲ್ಲಿ ಕಲಿಸಿದ್ದೂ ಸೊಟ್ಟಕ್ಷರ. ಸೊಟ್ಟಾದುದನ್ನು ನೋಡಿ, ಏಕೆ ಸೊಟ್ಟೆಂದು ತಾನೇ ಆಲೋಚಿಸಿ, ತಾನೇ ಸರಿಯಾದುದನ್ನು ಬರೆಯುವ ಅವಕಾಶ ಆ ಮಗುವಿಗೆ ಸಿಕ್ಕಿತು. ಚುಕ್ಕೆಗಳ ಆಟ ಕಸಿದುಕೊಂಡದ್ದೂ ಅದನ್ನೇ.

ಅದೇ ಪ್ರಯೋಗಶಾಲೆಯಿಂದ ೨೦೧೮ರಲ್ಲಿ ಇನ್ನೊಂದು ಕೆಲಸ ಹೊರಬಂದಿತು. ಲೇಖನಫಲಕದ ಮೇಲೆ ಕಾಗದವನ್ನು ಅಂಟಿಸಿ ೨೯೮ ಮಕ್ಕಳಿಂದ ಬರೆಯಿಸಿದರು. ಅವರಲ್ಲಿ ೫೬ ಮಂದಿ ಬರವಣಿಗೆಯ ತೀವ್ರ ತೊಡಕುಳ್ಳವರು. ಕಡ್ಡಿಯ ಒತ್ತಡ, ವಾಲುವಿಕೆ, ವೇಗ, ನಡುಕ ಮೊದಲಾದ ೫೩ ಲಕ್ಷಣಗಳನ್ನು ಯಂತ್ರವು ಅಳೆದು ತೊಡಕುಳ್ಳವರನ್ನು ಗುರುತಿಸಿತು. ಆ ಪರೀಕ್ಷೆಯ ವಿಧಾನವನ್ನು ಆಕ್ಷೇಪಿಸಿ ಬೇರೆ ಸಂಶೋಧಕರು ಮರುವರ್ಷವೇ ಬರೆದಿರುವರಾದ್ದರಿಂದ ಅದನ್ನು ವೈದ್ಯರ ಸ್ಥಾನದಲ್ಲಿ ಕೂರಿಸುವಂತಿಲ್ಲ. ಆದರೂ ಬರೆದು ಮುಗಿಸಿದ ಅಕ್ಷರವನ್ನು ಮಾತ್ರ ನೋಡಬಲ್ಲ ಗುರುವಿಗೆ, ಬರೆಯುತ್ತಿರುವ ಕೈಯನ್ನು ತೋರಿಸುವ ಸಾಧನವೊಂದು ದೊರೆತಿದೆ. 'ಸೋಮಾರಿ' ಎಂದು ಬೈಸಿಕೊಳ್ಳುತ್ತಿರುವ ಎಷ್ಟು ಮಕ್ಕಳು ನಿಜವಾಗಿ ಕೈಯ ತೊಡಕಿನಿಂದ ನರಳುತ್ತಿರುವರೋ!

ಯಂತ್ರಮಾನವನನ್ನು ಕೊಳ್ಳುವ ಶಕ್ತಿ ನಮಗಾರಿಗೂ ಇಲ್ಲ. ಅದು ಬೇಕಾಗಿಯೂ ಇಲ್ಲವೆಂದು ನಮಗೆ ತಿಳಿದುದು ಸಂಕ್ರಾಂತಿಯಲ್ಲಿ. ಎಳ್ಳುಬೆಲ್ಲದ ನೆಪದಲ್ಲಿ ಅದೇ ಬಂಧುಗಳ ಮನೆಗೆ ಹೋಗಿ, ಪಿ.ಯು.ಸಿ. ಓದುತ್ತಿರುವ ಆ ಹುಡುಗನ ಅಕ್ಕನಿಗೆ ಲೊಸಾನಿನ ಕಥೆಯನ್ನು ಹೇಳಿದೆವು. ಆಕೆ ಚುಕ್ಕೆಗಳ ಆಟವನ್ನು ಮುಚ್ಚಿ, ಬರಿಯ ಚಿತ್ರ ಬರೆಯುವ ಖಾಲಿ ಪರದೆಯನ್ನು ತೆರೆದು ತಮ್ಮನ ಮುಂದಿಟ್ಟಳು. "ನನ್ನ ಎಡಗೈಗೆ ಅಕ್ಷರವೇ ಬಾರದು ಕಣೋ, ಸ್ವಲ್ಪ ಕಲಿಸುತ್ತೀಯಾ?" ಎಂದು ಎಡಗೈ ಬೆರಳಿನಿಂದ 'ರ' ಬರೆದಳು. ಅದು ಒಡೆದ ಬಳೆಯಂತಿತ್ತು. ಹುಡುಗನು ನಕ್ಕನು. ತಾನೊಂದು ಬರೆದು ತೋರಿಸಿದನು. ಆಕೆ ಮತ್ತೆ ಬರೆದಳು, ಸ್ವಲ್ಪ ಸುಧಾರಿಸಿತು. ನಾಲ್ಕಾರು ಅಕ್ಷರಗಳಾದ ಮೇಲೆ ಮೊಬೈಲನ್ನು ಬದಿಗಿಟ್ಟು, ಅಜ್ಜನ ಸ್ಲೇಟನ್ನು ನೆಲದ ಮೇಲೆ ಎಳೆದುಕೊಂಡು, ಎಡಗೈಯಲ್ಲಿ ಬಳಪ ಹಿಡಿದು 'ಅ' ಬರೆಯಹೊರಟಳು. ಬಳಪ ಕಿರುಗುಟ್ಟಿ ತುಂಡಾಯಿತು.

"ಹೀಗಲ್ಲ ಅಕ್ಕಾ, ಇಲ್ಲಿ ಸುತ್ತಬೇಕು" ಎಂದು ಹುಡುಗನು ಅವಳ ಕೈಯಿಂದ ಬಳಪವನ್ನು ಕಿತ್ತುಕೊಂಡನು. ಚುಕ್ಕೆಯನ್ನು ಕೇಳಲಿಲ್ಲ. ಅವನು ಬರೆದ 'ಅ'ದ ಸುತ್ತೇನೋ ಬಂದಿತು. ಕೊನೆಯ ಗೆರೆ ಮಾತ್ರ ಮೇಲಕ್ಕೇರಲು ಮರೆತು, ಸ್ಲೇಟಿನ ಚೌಕಟ್ಟನ್ನು ದಾಟಿ, ಅಜ್ಜನವರು ಕುಳಿತಿದ್ದ ಚಾಪೆಯ ತನಕ ಹೋಯಿತು. ಅಕ್ಕನು ಅದನ್ನು ಗಂಭೀರವಾಗಿ ನೋಡಿ, ಉಳಿದ ಬಳಪದ ತುಂಡನ್ನು ತೆಗೆದುಕೊಂಡು, ಮತ್ತೊಮ್ಮೆ ಎಡಗೈಯಲ್ಲಿ ಬರೆಯತೊಡಗಿದಳು.